ಮೂಲೆಯಿಲ್ಲದ ಅಕ್ಷರ

“ಇನ್ನೂ ಆಗಿಲ್ವಾ?”

ದಂತವೈದ್ಯೆ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು. ಬೋರ್ಡ್ ಬರೆಯುವವನು ತಲೆ ಎತ್ತಲಿಲ್ಲ. ಬಣ್ಣದ ವಾಸನೆ ಆಗುವುದಿಲ್ಲವೆಂದು ಮೂಗು, ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡಿದ್ದ. ಹುಟ್ಟಿದಾಗಿನಿಂದ ಬಣ್ಣದ ಡಬ್ಬಿಗಳ ನಡುವೆಯೇ ಬೆಳೆದವನಿಗೆ ಈಗ ವಾಸನೆ ಆಗದಂತೆ!

“ತಲೆಕಟ್ಟಿನ ತುದಿ ಇನ್ನೂ ಸ್ವಲ್ಪ ಚೂಪು,” ಎಂದು ಬಟ್ಟೆಯೊಳಗಿಂದಲೇ ಗೊಣಗಿದ.

ಮಕ್ಕಳಿಗೆಂದೇ ಅವಳು ತೆರೆಯುತ್ತಿದ್ದ ಹೊಸ ಕ್ಲಿನಿಕ್ಕಿನ ಪ್ರಾರಂಭ ನಾಳೆಯೇ. ಹಳೆಯ ಕ್ಲಿನಿಕ್ಕಿನ ಬೋರ್ಡಿನಲ್ಲಿ ಅಕ್ಷರಗಳಿಗೆ ಕತ್ತಿಯಂಥ ತುದಿ. ಅದನ್ನು ಕಂಡೇ ಮಕ್ಕಳು ಮೆಟ್ಟಿಲಲ್ಲಿ ರಂಪ ಮಾಡಿ ಅಮ್ಮಂದಿರನ್ನು ವಾಪಸ್ ಎಳೆದೊಯ್ಯುತ್ತಿದ್ದರು. ಇಲ್ಲೂ ಹಾಗೇ ಆದರೆ ಬಾಗಿಲಿಗೆ ಬೀಗ ಹಾಕುವುದೊಂದೇ ಬಾಕಿ. ಅದಕ್ಕೇ ಅವಳು ಕೇಳಿದ್ದು ದಪ್ಪನೆಯ, ಗುಂಡುಗುಂಡಾದ, ಎಲ್ಲೂ ಮೂಲೆಯಿಲ್ಲದ ಅಕ್ಷರ. ಬೀದಿಯ ಆ ತುದಿಗೂ ಕಾಣಬೇಕು. ಕಂಡರೆ ಕೆನ್ನೆ ಹಿಂಡೋಣ ಅನ್ನಿಸಬೇಕು.

ಮಜೂರಿಯ ಮಾತನ್ನು ಅವನ ಹೆಂಡತಿ ವಹಿಸಿಕೊಂಡಿದ್ದಳು. “ಬೋರ್ಡ್ ಏರಿದ ತಕ್ಷಣ ಕೇಳಿ ತಗೋತೀನಿ, ಡಾಕ್ಟ್ರೇ. ನಿಮಗೇನೂ ಭಾರ ಆಗಲ್ಲ.” ಆ ಮಾತಿಗೆ ಗಂಡನ ಕೈಯಿಂದ ಬ್ರಷ್ ಜಾರಿತ್ತು.

ಅಂದಿನಿಂದ ಒಂದಲ್ಲ ಒಂದು ನೆವ. ಒತ್ತಕ್ಷರದ ಬಾಲ ಸರಿಯಿಲ್ಲ. ದಪ್ಪ ಮಾಡಿದರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಬರೆದದ್ದನ್ನು ಅಳಿಸುವುದು, ಗೋಡೆಯ ಕನ್ನಡಿಯಲ್ಲಿ ಇಣುಕುವುದು, ಮತ್ತೆ ಬರೆಯುವುದು. ಅಕ್ಷರಗಳೇನೋ ದಿನದಿನಕ್ಕೆ ಉಬ್ಬುತ್ತಲೇ ಹೋದವು.

ಅವಳಿಗೆ ಅನುಮಾನ ಹುಟ್ಟಿದ್ದು ನಿನ್ನೆ. ಎದುರು ಸಾಲಿನ ಇನ್ನೊಬ್ಬ ದಂತವೈದ್ಯನ ಬಾಗಿಲಲ್ಲಿ ಇವನು ನಿಂತಿದ್ದ. ಅತ್ತಿತ್ತ ನೋಡಿದ. ಕರೆಗಂಟೆಯವರೆಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಸರಸರನೆ ನಡೆದುಬಿಟ್ಟ.

“ನಿಜ ಹೇಳಿ. ನನ್ನ ಕೆಲಸ ತಡ ಮಾಡಿ ಅಂತ ಆ ಡಾಕ್ಟ್ರು ಹೇಳಿಕೊಟ್ರಾ?”

“ಅಯ್ಯೋ, ಅವರ ಮುಖಾನೂ ನೋಡಿಲ್ಲ! ನೋಡೋದೂ ಬೇಡ!”

ಅಷ್ಟರಲ್ಲಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲು ಹಿಡಿದು ಹೆಂಡತಿ ಒಳಗಿಂದ ಬಂದಳು. “ಬೆಳಿಗ್ಗೆ ಬೋರ್ಡ್ ಏರುತ್ತೆ, ಡಾಕ್ಟ್ರೇ. ನಾನು ಹೊಣೆ.”

ಏರಿತು. ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರ: ‘ಹೆದರಬೇಡಿ, ಒಳಗೆ ಬನ್ನಿ.’ ಒಂದೊಂದೂ ಆಗಷ್ಟೇ ಹೊಟ್ಟೆ ತುಂಬಾ ಹಾಲು ಕುಡಿದ ಮಗುವಿನ ಹಾಗೆ. ಅದನ್ನು ನೋಡಿ ಪುಟ್ಟ ಹುಡುಗಿಯೊಬ್ಬಳು ಕಿಲಕಿಲ ನಕ್ಕು, ಅಮ್ಮನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು. ದಂತವೈದ್ಯೆಗೆ ಕಣ್ಣು ತುಂಬಿ ಬಂತು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

“ಈಗಲಾದ್ರೂ ಹೇಳಿ. ಮಜೂರಿ ಏನು ಕೊಡಲಿ?”

ಮೆಲ್ಲಗೆ ಜಾರಿಕೊಳ್ಳುತ್ತಿದ್ದ ಗಂಡನ ತೋಳನ್ನು ಹೆಂಡತಿ ಗಪ್ಪನೆ ಹಿಡಿದು, ಮುಖದ ಬಟ್ಟೆ ಎಳೆದಳು. ಎಡಗೆನ್ನೆ ಥೇಟ್ ಬೋರ್ಡಿನ ಅಕ್ಷರವೇ: ದಪ್ಪಗೆ, ಗುಂಡಗೆ, ಎಲ್ಲೂ ಮೂಲೆಯಿಲ್ಲದೆ ಊದಿಕೊಂಡಿತ್ತು.

“ಈ ಹಲ್ಲಿಗೊಂದು ಗತಿ ಕಾಣಿಸಿ, ಡಾಕ್ಟ್ರೇ, ಅದೇ ಮಜೂರಿ. ಏನ್ರೀ, ಎಲ್ಲಿಗೆ ಹೊರಟ್ರಿ? ನೀವೇ ಬರೆದಿದ್ದಲ್ವಾ? ಓದ್ಕೊಂಡು ಒಳಗೆ ನಡೀರಿ!”