ಕಡಲಪಾಚಿಯ ಕಾಲಡಿಗೆ

ಮಹಾಂತಮ್ಮ ರೊಟ್ಟಿಗೆ ಹಿಟ್ಟು ಸೋಸುತ್ತಿದ್ದಾಗ ಮಗಳು ಕಾವ್ಯಾ ಬಂದವಳೇ ಕೈಯಲ್ಲಿದ್ದ ಸಾಣಿಗೆಯನ್ನು ಕಸಿದುಕೊಂಡಳು.

"ಲೇ, ಕೊಡಬೇ ಇಲ್ಲಿ! ಹಂಚು ಕಾದದ."

"ಉಸುಕು ಸೋಸಬೇಕು ಯವ್ವಾ. ಪಾಚಿಗಿ ಕಾಲೂರಾಕ ಜಾಗಾನ ಇಲ್ಲ."

ಕಾರವಾರಕ್ಕೆ ಹೋಗಿಬಂದ ವಿಜ್ಞಾನದ ಮೇಡಂ ಇಡೀ ತರಗತಿಯಲ್ಲಿ ಕಾವ್ಯಾಳೊಬ್ಬಳನ್ನೇ ನಂಬಿ ಕೊಟ್ಟ ಕಡಲಪಾಚಿಯ ಎಳೆ ಅದು. ಎಳೆಯುದ್ದಕ್ಕೂ ದ್ರಾಕ್ಷಿಯಂಥ ಪುಟಾಣಿ ಹಸಿರು ಮಣಿಗಳು. ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಮೂರು ದಿನ ತೇಲಿ ತೇಲಿ ತುದಿ ಬೆಳ್ಳಗಾಗಿತ್ತು. ಇವತ್ತು ಬೇರು ಹಿಡಿಯದಿದ್ದರೆ ಹೋಯಿತು.

ಆ ಬಿಳಿ ತುದಿ ನೋಡಿ ಮಹಾಂತಮ್ಮ ಗ್ಯಾಸ್ ಆರಿಸಿದಳು. ತುಳಸಿ ಕುಂಡದಿಂದ ಒಂದು ಹಿಡಿ ಎರೆಮಣ್ಣು ತೆಗೆದು, ಬಟ್ಟಲಲ್ಲಿ ಹಾಕಿ, ನೀರು ಚಿಮುಕಿಸಿ ಕಲಸತೊಡಗಿದಳು.

"ಉಸುಕಿನಾಗ ಏನ್ ಬೆಳೀತದ? ಚೀಕಲಪರ್ವಿ ಊರಿನ ಗದ್ದಿಯೊಳಗ ಹತ್ತು ವರ್ಷ ನೆಲ್ಲು ಹಚ್ಚೀನಿ. ಕೆಸರಿಲ್ಲದ ಯಾವ ಬೇರೂ ಹಿಡಿಯೂದಿಲ್ಲ."

ಕಾವ್ಯಾ ಸಾಣಿಗೆಯನ್ನು ತೊಟ್ಟಿಯ ಪಕ್ಕಕ್ಕಿಟ್ಟಳು.

ಅಂಗಳದ ಗೋಡೆಯಾಚೆ ಕೋಳಿಗಳಿಗೆ ಕಪ್ಪೆಚಿಪ್ಪಿನ ಪುಡಿ ಎರಚುತ್ತಿದ್ದ ಹಸೀನಾ ಬೇಗಂ ಇಣುಕಿದಳು. "ಸಮುದ್ರದಾಗ ಎರಿಮಣ್ಣು ಎಲ್ಲೀದ್ರೀ ಮಾಂತಮ್ಮಾ? ತಳದಾಗೆಲ್ಲ ಈ ಚಿಪ್ಪಿನ ಪುಡೀನ ಇರ್ತದ. ತಗೋರಿ."

"ಕೋಳಿ ತಿನ್ನೂದನ್ನ ಪಾಚಿಗಿ ಹಾಕ್ತಾರೇನ್ರೀ ಹಸೀನಕ್ಕಾ?"

"ಹಾಕಿ ನೋಡ್ರಿ. ಪಾಚಿ ಬರಲಿಲ್ಲಂದ್ರ ತತ್ತಿ ಆದ್ರೂ ಬರ್ತಾವ!"

ಕಾವ್ಯಾ ಕಿಸಕ್ಕನೆ ನಕ್ಕಳು. ಮಹಾಂತಮ್ಮ ನಗಲಿಲ್ಲ.

"ಸಮುದ್ರದ ತಳಾ ಬೆಣ್ಣಿಯಂಗ ಮೆತ್ತಗಿರ್ತದ. ಕಾಲಿಟ್ರ ಮೊಣಕಾಲತನಾ ಹೋಗ್ತದ."

"ಛೇ, ಎಲ್ಲೀದು! ಚರಚರ ಅಂತದ. ಬರಿಗಾಲಿಲೆ ನಡದ್ರ ಹಿಮ್ಮಡಿ ಹರೀತದ."

"ನಾ ಹೇಳಾಕತ್ತೀನಲ್ಲಾ, ಮೆತ್ತಗ!"

ಅಷ್ಟರಲ್ಲಿ ಮಹಾಂತಮ್ಮ ಎಳೆಯನ್ನು ತೊಟ್ಟಿಯಿಂದ ಎತ್ತಿಯಾಗಿತ್ತು. ಸಸಿ ನಾಟುವವರ ಹಾಗೆ ಹೆಬ್ಬೆರಳು, ಎರಡು ಬೆರಳ ನಡುವೆ ಅದನ್ನು ಹಿಡಿದು ಕೆಸರಿನ ಮೇಲೆ ಬಾಗಿದಳು. ಉಪ್ಪುನೀರು ಟಪಟಪ ತೊಟ್ಟಿಕ್ಕಿತು. ಗೋಡೆಯ ಮೇಲಿಂದ ಹಸೀನಾ ಬೇಗಂ ಚಿಪ್ಪಿನ ಪುಡಿಯ ಡಬ್ಬಿ ಚಾಚಿಕೊಂಡೇ ನಿಂತಿದ್ದಳು.

ಕಾವ್ಯಾ ಅವ್ವನ ಮಣಿಕಟ್ಟು ಹಿಡಿದುಕೊಂಡಳು. ಒಮ್ಮೆ ಕೆಸರು ನೋಡಿದಳು, ಒಮ್ಮೆ ಡಬ್ಬಿ ನೋಡಿದಳು.

"ಯವ್ವಾ," ಎಂದಳು ಮೆಲ್ಲಗೆ, "ನಿಮ್ಮಿಬ್ಬರೊಳಗ ಸಮುದ್ರ ನೋಡಿದವರು ಯಾರು?"