ಗಂಡಸರ ಸಾಲಿನಲ್ಲಿ ಹೆಡ್‌ವಿಗ್

ತಾರಸ್ಥಾಯಿಯ ಆ ಸ್ವರಕ್ಕೆ ಬರುತ್ತಿದ್ದಂತೆ ಹೆಡ್‌ವಿಗ್‌ಳ ದನಿ ಸೀಳಿತು. ಚರ್ಚಿನ ಚಳಿಗೆ ಶಾಲು ಬಿಗಿದುಕೊಂಡಿದ್ದ ಹೆಂಗಸರೆಲ್ಲ ಏನೂ ಕೇಳಿಸದವರಂತೆ ಎತ್ತಲೋ ನೋಡಿದರು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅದು ಕೊನೆಯ ತಾಲೀಮು, ಮರುದಿನವೇ ಸಂಗೀತ ಕಚೇರಿ. ಸ್ಯಾಕ್ಸನಿಯ ಆ ಪುಟ್ಟ ಊರಿಗೆ ಕ್ರಿಸ್‌ಮಸ್ ಬಂತು ಅನ್ನಿಸುತ್ತಿದ್ದುದು, ನಗಾರಿ ತುತ್ತೂರಿಗಳೊಂದಿಗೆ ಚರ್ಚಿನ ಇಡೀ ಗಾಯಕರ ಮೇಳ ಎದ್ದು ನಿಂತು ಆ ಹಳೆಯ ಶಾಸ್ತ್ರೀಯ ಕೃತಿ ಹಾಡಿದಾಗಲೇ. ಮದುವೆಗೆ ಮುಂಚಿನಿಂದಲೂ ಹೆಂಗಸರ ಮೇಲುದನಿಯ ಸಾಲು ಹೆಡ್‌ವಿಗ್‌ಳದು. ಈಗ ಅರವತ್ತು ದಾಟಿತ್ತು. ಮೇಲಿನ ಸ್ವರಗಳು ಒಂದೊಂದಾಗಿ ಕೈಕೊಡುತ್ತಿದ್ದವು.

ಮೇಳ ನಡೆಸುವ ಫಾಲ್ಕ್ ಎಳೆಯ ವಯಸ್ಸಿನವನು. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಹೆಡ್‌ವಿಗಮ್ಮ, ನಾಳೆ ಆ ಜಾಗ ಬಂದಾಗ ಸ್ವಲ್ಪ ಸುಮ್ನಿದ್ದುಬಿಡ್ತೀರಾ?"

"ಸುಮ್ನೆ ನಿಲ್ಲೋಕೆ ನಾನೇನು ಕಂಬಾನಾ? ಬೇಡಪ್ಪ, ನಾಳೆ ಬಾಗಿಲ ಹತ್ತಿರ ಜನಕ್ಕೆ ಬಿಸಿ ವೈನ್ ಹಂಚೋಕೆ ಹೋಗ್ತೀನಿ" ಎಂದು ಅವಳು ಕೋಟು ತೆಗೆದುಕೊಂಡಳು. ಮಾತು ಜೋರಾಗಿತ್ತು, ಕಣ್ಣು ಮಾತ್ರ ತುಂಬಿತ್ತು.

ಫಾಲ್ಕ್ ಪೆಚ್ಚಾಗಿ ಟೆನರ್‌ಗಳ ಕಡೆ, ಅಂದರೆ ಗಂಡಸರ ಮೇಲುದನಿಯ ಸಾಲಿನ ಕಡೆ ತಿರುಗಿದ. ಸಾಲು ಎನ್ನುವುದು ಹೆಸರಿಗೆ. ಇದ್ದವರು ಬೇಕರಿಯ ಟೀಲೊ ಮತ್ತು ಅವನ ಭಾವಮೈದ, ಇಬ್ಬರೇ. ಟೆನರ್‌ಗಳ ಬರ ಆ ಸೀಮೆಗೆಲ್ಲ ಇದ್ದದ್ದೇ. ಡಿಸೆಂಬರ್ ಬಂತೆಂದರೆ ಒಂದು ಚರ್ಚಿನವರು ಇನ್ನೊಂದು ಚರ್ಚಿನ ಟೆನರ್‌ಗೆ ಬಾತುಕೋಳಿಯ ಊಟ ಹಾಕಿ ಎಳೆದುಕೊಳ್ಳುತ್ತಿದ್ದರು. ಇಂಥ ಅಪರೂಪದ ಟೀಲೊ ಹಾಡಿನ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಾಗಿ ಹಾಡಿದ.

ಹೆಡ್‌ವಿಗ್‌ಗೆ ತಡೆಯಲಾಗಲಿಲ್ಲ. "ಥೂ ಟೀಲೊ, ಹಿಟ್ಟು ನಾದಿದ ಹಾಗೆ ಎಳೀತೀಯಲ್ಲೋ! ಹೀಗೆ ಕಣೋ!" ಎಂದವಳೇ, ಕೋಟಿನೊಳಗೆ ಒಂದೇ ತೋಳು ತೂರಿಸಿಕೊಂಡು ಆ ಸಾಲನ್ನು ಪೂರ್ತಿ ಹಾಡಿಬಿಟ್ಟಳು. ದನಿ ಎಲ್ಲೂ ಸೀಳಲಿಲ್ಲ. ಕೆಳಗಿನ ಸ್ವರಗಳಲ್ಲಿ ಅದು ತುಂಬು ಕೊಡದಂತೆ ನಿಶ್ಚಿಂತವಾಗಿತ್ತು.

"ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದ ಫಾಲ್ಕ್.

"ಬಚ್ಚಿಡೋದೇನು ಬಂತು? ಎಲ್ಲರ ಪಾಠವೂ ಕಿವಿಗೆ ಬಿದ್ದೂ ಬಿದ್ದೂ ಬಾಯಿಗೆ ಬಂದಿದೆ."

"ಹಾಗಾದ್ರೆ ಹೋಗಿ, ಟೀಲೊ ಪಕ್ಕ ನಿಂತ್ಕೊಳ್ಳಿ."

"ಗಂಡಸರ ಸಾಲಲ್ಲಾ?"

"ಗಂಡಸರು ಸಿಕ್ಕಿದ್ರೆ ನಿಮ್ಮನ್ನ ಯಾಕಮ್ಮ ಕರೀತಿದ್ದೆ?"

"ಮತ್ತೆ ನಾನ್ಯಾರು ಸ್ವಾಮಿ?" ಎಂದು ಟೀಲೊ ರೇಗಿದಾಗ ಇಡೀ ಮೇಳ ಗೊಳ್ಳೆಂದಿತು.

ಮರುದಿನ ಸಂಜೆ ನಗಾರಿ ಮೊಳಗಿತು, ತುತ್ತೂರಿ ಕೂಗಿತು. ಹೆಡ್‌ವಿಗ್ ಟೆನರ್ ಸಾಲಿನ ಕೊನೆಯಲ್ಲಿ ನಿಂತು ಎದೆ ತುಂಬಿ ಹಾಡಿದಳು. ಅಷ್ಟು ಸುಖವಾಗಿ ಹಾಡಿ ಎಷ್ಟೋ ವರ್ಷಗಳಾಗಿದ್ದವು. ಅವಳ ಪಕ್ಕಕ್ಕೇ ಗಂಡಸರ ಕೆಳದನಿಯ ಸಾಲು. ಅದರ ಮೊದಲಲ್ಲಿ ನಿಂತವನು ಅವಳ ಗಂಡ ಒಟ್ಮಾರ್. ಇಬ್ಬರೂ ಒಂದೇ ಮೇಳದವರಾದರೂ ಇಷ್ಟು ಕಾಲ ಆಚೆ ತುದಿಗೊಬ್ಬರು ಈಚೆ ತುದಿಗೊಬ್ಬರು ನಿಂತವರು.

ಚಪ್ಪಾಳೆಯ ನಡುವೆ ಅವಳು ಗಂಡನನ್ನು ಮೊಣಕೈಯಿಂದ ತಿವಿದಳು. "ರೀ, ನಿಮ್ಮ ಬಾಯಿ ಅಲ್ಲಾಡ್ತಿತ್ತು, ದನಿ ಮಾತ್ರ ಕೇಳಿಸ್ಲೇ ಇಲ್ವಲ್ಲ?"

ಒಟ್ಮಾರ್‌ನ ಕಿವಿ ಕೆಂಪಾಯಿತು. "ನಾನು ಯಾವ ವರ್ಷವೂ ಹಾಡಿಲ್ಲ ಕಣೇ. ಹಾಡಿದ್ರೆ, ಆ ತುದೀಲಿದ್ದ ನಿನ್ನ ದನಿ ನಂಗೆ ಹೇಗೆ ಕೇಳಿಸ್ಬೇಕಿತ್ತು?"