ಬಿಸ್ಕೆಟ್

"ನೀವೇ ಕಲ್ಲು ಹೊಡೀಬೇಕು," ಎಂದ ಕ್ಯಾಂಪ್ ನೋಡಿಕೊಳ್ಳುವ ರೂಡಿ. "ನಾನು ಹೊಡೆದ್ರೆ ಆ ನರಿ ನನ್ನೊಬ್ಬನಿಗೆ ಹೆದರ್ಕೊಳ್ಳುತ್ತೆ. ತಿನ್ನೋಕೆ ಹಾಕಿದ ಕೈ ಹೊಡೆದ್ರೆ ಮನುಷ್ಯರ ಜಾತಿಗೇ ಹೆದರ್ಕೊಳ್ಳುತ್ತೆ."

ಮಾರ್ಲಿಸ್ ಕೈಯನ್ನು ಅಂಗಿಗೆ ಒರೆಸಿಕೊಂಡಳು. ಊರಿಗೆ ಹೊರಡುವ ದಿನ ಫ್ರಿಜ್ ಖಾಲಿ ಮಾಡಬೇಕಲ್ಲ. ಉಳಿದ ಹಂದಿಮಾಂಸವನ್ನೆಲ್ಲ ಬೆಳಿಗ್ಗೆಯೇ ಹುರಿದಿದ್ದಳು, ಕೈಗಂಟಿದ ಜಿಡ್ಡು ಇನ್ನೂ ಬಿಟ್ಟಿರಲಿಲ್ಲ. ಅರಿಝೋನದ ಬಿಸಿಲು ಸುಡತೊಡಗಿತ್ತು. ಚಳಿ ತಪ್ಪಿಸಿಕೊಂಡು ಬಂದಿದ್ದ ಉತ್ತರದವರ ಗಾಡಿಮನೆಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿದ್ದವು. ಅವಳ ಗಂಡ ಆರಿನ್ ನೀರಿನ ಪೈಪು ಸುತ್ತುತ್ತಿದ್ದ.

ಬಿಸ್ಕೆಟ್ ಎಂದರೆ ಅವಳೇ ಹೆಸರಿಟ್ಟ ನರಿ, ಮರಳುಬಣ್ಣದ ಕಯೋಟಿ. ಉಳಿದವರೆಲ್ಲ ಬೈನಾಕ್ಯುಲರ್ ಹಿಡಿದು ಗುಡ್ಡದ ಮೇಲಿನ ಕಾಡುಕುರಿ ಹುಡುಕುತ್ತಿದ್ದಾಗ ಇದು ತಾನಾಗಿಯೇ ಬಂದು ಅವಳ ಗಾಡಿಯ ನೆರಳಲ್ಲಿ ಕೂತಿತ್ತು. ಬಾಗಿಲು ತೆರೆದ ಸದ್ದಾದರೆ ಕಿವಿ ನಿಮಿರಿಸಿ ಓಡಿಬರುತ್ತಿತ್ತು. ಅವಳು ಎಸೆದ ತುಂಡನ್ನು ಗಾಳಿಯಲ್ಲೇ ಹಿಡಿಯುತ್ತಿತ್ತು. 'ಪ್ರಾಣಿಗಳಿಗೆ ತಿನ್ನಲು ಕೊಡಬೇಡಿ' ಎಂಬ ಹಲಗೆಯ ಮೇಲೆ ಅವಳು ಚಳಿಗಾಲವಿಡೀ ಪಾತ್ರೆ ಒರೆಸುವ ಬಟ್ಟೆ ಒಣಗಿಸಿದ್ದಳು. ನಿನ್ನೆ ಪಕ್ಕದ ಗಾಡಿಯ ಮಗುವೊಂದು ಕೈಯಲ್ಲಿ ಸಾಸೇಜ್ ಹಿಡಿದು ಬಾಗಿಲು ತೆರೆಯಿತು. ಬಿಸ್ಕೆಟ್ ಸಾಸೇಜಿನ ಜೊತೆಗೆ ಬೆರಳನ್ನೂ ಕಚ್ಚಿತು.

ಕಚ್ಚಿದ ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಬಂದೂಕಿನವನು ಆಗಲೇ ಹೊರಟಿದ್ದನಂತೆ. ಅವನು ಬರುವುದರೊಳಗೆ ಅದು ಹೆದರಿ ಗುಡ್ಡ ಹತ್ತಿದರೆ ಬದುಕಿತು, ಇಲ್ಲೇ ಸುಳಿದಾಡಿದರೆ ಮುಗಿಯಿತು. ಅಷ್ಟು ಹೇಳುವುದಕ್ಕೇ ರೂಡಿ ಬಂದದ್ದು.

"ಅದು ನಾಯಿ ಅಲ್ಲ ಕಣೇ ಅಂತ ಎಷ್ಟು ಬಡ್ಕೊಂಡೆ," ಎಂದ ಆರಿನ್.

"ಬಡ್ಕೊಳ್ತಾ ಬಡ್ಕೊಳ್ತಾನೇ ವಿಡಿಯೋ ತೆಗೀತಿದ್ರಲ್ಲ ಸಾರ್," ಎಂದ ರೂಡಿ. "ನೀವು ಗಾಡಿ ಹತ್ತಿ ಹೋಗ್ತೀರ. ಹೆಣ ಎತ್ತೋನು ನಾನು."

ಜೊತೆಗೆ ಕರೆದುಕೊಂಡು ಹೋಗಿಬಿಟ್ಟರೆ ಹೇಗೆ ಎಂದು ಅವಳು ಕೇಳಿದಳು. ಆರಿನ್ ಸುತ್ತಿದ ಪೈಪನ್ನು ಗಾಡಿಯೊಳಗೆ ತುರುಕಿದ.

ಬಿಸ್ಕೆಟ್ ಎಂದಿನ ಜಾಗದಲ್ಲೇ ಕೂತಿತ್ತು. ಗಾಡಿಗೆ ಕಟ್ಟಿದ್ದ ಚಪ್ಪರದ ಬಟ್ಟೆಯನ್ನು ಆರಿನ್ ಸುತ್ತಿಟ್ಟಾಗಿತ್ತು. ಅಲ್ಲಿ ಈಗ ಬರೀ ಬಿಸಿಲು. ಮಾರ್ಲಿಸ್ ಕಲ್ಲೊಂದನ್ನು ಎತ್ತಿಕೊಂಡಳು. ಗದರಬೇಕೆಂದಿದ್ದಳು, ಗದರಲಿಲ್ಲ. ಎಸೆದಳು.

ನರಿ ನೆಗೆದು ಗಾಳಿಯಲ್ಲೇ ಹಿಡಿಯಿತು. ಹಲ್ಲಿಗೆ ಕಲ್ಲು ಬಡಿದ ಸದ್ದು ಮೂವರಿಗೂ ಕೇಳಿಸಿತು.

"ಜೋರಾಗಿ. ಮೈಗೆ," ಎಂದ ರೂಡಿ. ಅವನು ಮಾತ್ರ ಆ ಕಡೆ ನೋಡುತ್ತಿರಲಿಲ್ಲ.

ಎರಡನೆಯದು ಪಕ್ಕೆಗೆ ಬಿತ್ತು. ಅದು ಕುಂಯ್ ಎಂದು ಹಿಂದೆ ಸರಿಯಿತು. ಆಮೇಲೆ ಮೆಲ್ಲಗೆ ಬಂದು ನೆಲಕ್ಕೆ ಬಿದ್ದಿದ್ದ ಕಲ್ಲನ್ನು ಮೂಸಿತು, ನೆಕ್ಕಿತು. ಅವಳ ಕೈಯಿಂದ ಅಂಟಿದ ಹಂದಿಮಾಂಸದ ಜಿಡ್ಡು. ಕಲ್ಲನ್ನು ಬಾಯಲ್ಲಿ ಎತ್ತಿಕೊಂಡು, ಇನ್ನೇನಿದೆ ಎಂಬಂತೆ, ಮತ್ತೆ ಅವಳ ಕೈಯನ್ನೇ ನೋಡಿತು.

ದಾರಿಯಲ್ಲಿ ಧೂಳೆದ್ದಿತು. ಜೀಪೊಂದು ಬಂದು ನಿಂತು ಬಾಗಿಲು ತೆರೆದ ಸದ್ದಾಯಿತು.

ಬಿಸ್ಕೆಟ್ ಕಿವಿ ನಿಮಿರಿಸಿ ಆ ಕಡೆ ಓಡಿತು, ಕಲ್ಲು ಕಚ್ಚಿಕೊಂಡೇ.